ನನಗೆ ಹುಳಿ ಆಗಿಬರಲ್ಲ

ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹೆಂಡತಿ ಬಟ್ಟೆ ನೆನೆಸುವ ಬಕೆಟ್ಟನ್ನು ತಂದು ಅಡುಗೆಮನೆ ಕಟ್ಟೆ ಮೇಲೆ ದಪ್ ಅಂತ ಇಟ್ಟಳು. ಬಕೆಟ್ ತುಂಬಾ ಪುಂಡಿ ಸೊಪ್ಪು.

"ಇದನ್ನ ನೀನೇ ಏನಾದ್ರೂ ಮಾಡು. ಇಲ್ಲಾಂದ್ರೆ ಗಿಡ ಕಿತ್ತು ಬಿಸಾಕು. ಫ್ರಿಜ್ಜಲ್ಲಿ ಹಾಲಿಡೋಕೆ ಜಾಗ ಇಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಫ್ರಿಜ್ಜಿನ ಕೆಳಗಿನ ಟ್ರೇ ಪುಂಡಿ, ಬಾಗಿಲಿನ ಸಂದಿ ಪುಂಡಿ, ಮೇಲೆ ಒಂದು ಡಬ್ಬಿಯಲ್ಲಿ ಅರ್ಧ ಕೆಟ್ಟ ಪುಂಡಿ ಚಟ್ನಿ. ಇಷ್ಟಕ್ಕೂ ಈ ಗಿಡಗಳನ್ನು ನಾವು ಹಾಕಿದ್ದೇ ಅಲ್ಲ. ಲಿಂಗಸುಗೂರು ತಾಲ್ಲೂಕಿನ ನಮ್ಮೂರಿಂದ ಪ್ರತಿ ವರ್ಷ ಸಂಕ್ರಾಂತಿ ಆದಮೇಲೆ ಒಂದು ಚೀಲ ಜೋಳ, ಅರ್ಧ ಚೀಲ ತೊಗರಿ ಬರುತ್ತೆ. ನಮ್ಮ ಕಡೆ ತೊಗರಿ ಹೊಲದ ನಡುವೆ ಅಕ್ಕಡಿ ಸಾಲಲ್ಲಿ, ಬದುವಿನ ಅಂಚಲ್ಲಿ ನಾಲ್ಕು ಕಾಳು ಪುಂಡಿ ಚೆಲ್ಲೋದು ರೂಢಿ. ಹಾಗಾಗಿ ತೊಗರಿ ಜೊತೆ ಒಂದಿಷ್ಟು ಪುಂಡಿ ಬೀಜವೂ ಟಿಕೆಟ್ ಇಲ್ಲದೆ ಬೆಂಗಳೂರಿಗೆ ಬಂದಿತ್ತು. ಹೆಂಡತಿ ತೊಗರಿ ಹಸನು ಮಾಡಿ, ಕಸವನ್ನು ಟೆರೇಸಿನ ಖಾಲಿ ಕುಂಡಗಳಿಗೆ ಸುರಿದಿದ್ದಳು. 2022ರ ಮಳೆ ನಿಮಗೆ ನೆನಪಿರಬೇಕು, ಅರ್ಧ ಬೆಂಗಳೂರು ನೀರಲ್ಲಿ ನಿಂತ ವರ್ಷ. ಜೂನಲ್ಲಿ ಯಲಹಂಕ ನ್ಯೂ ಟೌನಿನ ನಮ್ಮ ಬಾಡಿಗೆ ಮನೆಯ ಮೂರನೇ ಮಹಡಿ ಮೇಲೆ ಪುಂಡಿ ಮೊಳೆತವು. ಆಗಸ್ಟ್ ಹೊತ್ತಿಗೆ ನನ್ನ ಭುಜದೆತ್ತರ. ಎಣಿಸಿದರೆ ಇಪ್ಪತ್ತೆರಡು ಗಿಡ.

ಪುಂಡಿ ಗೊತ್ತಿಲ್ಲದವರಿಗೆ ಎರಡು ಮಾತು. ತೆಲುಗಿನವರ ಗೋಂಗುರ, ಮರಾಠಿಯವರ ಅಂಬಾಡಿ. ದಾಸವಾಳದ ಕುಲ. ಮಂಗಳೂರು ಕಡೆಯವರ ಹತ್ತಿರ ಮಾತಾಡುವಾಗ ಮಾತ್ರ ಹುಷಾರು. ಪಕ್ಕದ ಮನೆಯವರಿಗೆ "ಪುಂಡಿ ಜಾಸ್ತಿ ಆಗಿದೆ, ಕೊಡ್ಲಾ?" ಅಂತ ಕೇಳಿದ್ದಕ್ಕೆ ಅವರು ಖುಷಿಯಿಂದ ಪಾತ್ರೆ ಹಿಡಿದು ಬಂದರು. ಅವರ ಪುಂಡಿ ಅಂದರೆ ಅಕ್ಕಿತರಿ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ನಾನು ಕೈಗೆ ಸೊಪ್ಪಿನ ಕಟ್ಟು ಕೊಟ್ಟಾಗ ಅವರ ಮುಖ ನೋಡಬೇಕಿತ್ತು.

ಇನ್ನೊಂದು ಪೇಚು ಮನೆ ಓನರ್ ಹತ್ತಿರ ಆಯ್ತು. ಪುಂಡಿಯ ಕೆಳಗಿನ ಎಲೆ ಹೃದಯದಾಕಾರ. ಮೇಲೆ ಹೋದಂತೆ ಎಲೆ ಸೀಳಿ, ಐದು ಬೆರಳು ಬಿಡಿಸಿದ ಅಂಗೈ ಥರ ಆಗುತ್ತೆ, ಅಂಚಲ್ಲಿ ಗರಗಸದ ಹಲ್ಲು. ಓನರ್ ನೀರಿನ ಟ್ಯಾಂಕ್ ನೋಡೋಕೆ ಮೇಲೆ ಬಂದವರು ಗಿಡದ ಮುಂದೆ ನಿಂತು, ದನಿ ತಗ್ಗಿಸಿ, "ಏನ್ ಸಾರ್ ಇದು? ಫ್ಯಾಮಿಲಿ ಅಂತ ಮನೆ ಕೊಟ್ಟಿದ್ದೀನಿ" ಅಂದರು. ಅವರ ಅನುಮಾನ ನನಗೆ ಅರ್ಥ ಆಗೋಕೆ ಅರ್ಧ ನಿಮಿಷ ಬೇಕಾಯ್ತು. ಪಾಪ, ಅವರದೂ ತಪ್ಪಲ್ಲ. ಈ ಗಿಡಕ್ಕೆ ಸಸ್ಯಶಾಸ್ತ್ರದವರು ಇಟ್ಟ ಹೆಸರೇ ಹೈಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾದಂಥ ಎಲೆಯ ದಾಸವಾಳ. ನಾನು ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡು, ಅವರಿಗೂ ಒಂದು ಕೊಟ್ಟೆ. ಅಗಿದರು. ಒಂದು ಕಣ್ಣು ತಾನಾಗೇ ಮುಚ್ಚಿತು. "ಅಯ್ಯೋ, ಗೋಂಗುರಾ ಇದು!" ಯಲಹಂಕದ ಹಳಬರ ಪೈಕಿ ಬಹಳ ಮನೆಗಳಲ್ಲಿ ಕನ್ನಡ ತೆಲುಗು ಎರಡೂ ನಡೆಯುತ್ತಲ್ಲ, ಇವರದೂ ಹಾಗೇ. ಆವತ್ತಿಂದ ವಾರಕ್ಕೊಂದು ಕಟ್ಟು ಗೋಂಗುರ ಕೆಳಗಿನ ಮನೆಗೆ ಖಾಯಂ.

ಆದರೂ ಮುಗೀಲಿಲ್ಲ. ಪುಂಡಿಯ ತೊಂದರೆಯೇ ಅದು. ಕುಡಿ ಚಿವುಟಿದರೆ ಆ ಜಾಗದಲ್ಲಿ ಎರಡು ಕವಲು ಬರುತ್ತೆ, ಎರಡನ್ನೂ ಚಿವುಟಿದರೆ ನಾಲ್ಕು. ನಮ್ಮ ಫೀಲ್ಡಿನವರಿಗೆ ಬೈನರಿ ಟ್ರೀ ಅಂದರೆ ಸಾಕು. ಖಾಲಿ ಮಾಡಬೇಕು ಅಂತ ಕಿತ್ತಷ್ಟೂ ಹೆಚ್ಚಾಗುವ ಬೆಳೆ.

ಆ ವಾರ ಟೀಮ್ ಕಾಲಲ್ಲಿ ಇದನ್ನೇ ತಮಾಷೆಯಾಗಿ ಹೇಳಿದೆ. ಇಂಗ್ಲೆಂಡಿನ ಲೀಡ್ಸಲ್ಲಿ ಕೂತ ನಮ್ಮ ಸಹೋದ್ಯೋಗಿಯೊಬ್ಬರು, "ನಮಗೆ ಪ್ರತಿ ಮೇ ತಿಂಗಳು ಇದೇ ಗೋಳು, ನಮ್ಮದು ರೂಬಾರ್ಬ್" ಅಂದರು. ಕೆಸುವಿನಷ್ಟು ದೊಡ್ಡ ಎಲೆ, ಕೆಂಪು ದಂಟು, ಬಾಯಿಗಿಟ್ಟರೆ ಹುಣಸೆಕಾಯಿಯಷ್ಟು ಹುಳಿ. ಒಂದು ಸಲ ಗಡ್ಡೆ ನೆಟ್ಟರೆ ವರ್ಷ ವರ್ಷವೂ ಬರುತ್ತಂತೆ. ಸಕ್ಕರೆ ಹಾಕಿ ಬೇಯಿಸಿ ಜಾಮ್ ಮಾಡು, ಕ್ರಂಬಲ್ ಮಾಡು, ಫ್ರೀಜ್ ಮಾಡು, ಆಮೇಲೂ ಉಳಿದದ್ದನ್ನು ಪಕ್ಕದವರ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಓಡು ಅಂತ ನಕ್ಕರು. ಅವರ ಊರಿನ ಸುತ್ತ, ವೇಕ್‌ಫೀಲ್ಡ್ ಕಡೆ, ಚಳಿಗಾಲದಲ್ಲಿ ಕತ್ತಲೆ ಶೆಡ್ಡುಗಳಲ್ಲಿ ರೂಬಾರ್ಬ್ ಬೆಳೆದು ಮೇಣದ ಬತ್ತಿ ಬೆಳಕಲ್ಲಿ ಕೀಳ್ತಾರೆ. 2010ರಲ್ಲಿ ಯುರೋಪಿಯನ್ ಯೂನಿಯನ್ ಅದಕ್ಕೆ ನಮ್ಮ ಜಿಐ ಟ್ಯಾಗ್ ಥರದ ಮಾನ್ಯತೆಯನ್ನೂ ಕೊಟ್ಟಿದೆ. ನನಗೆ ಮಜಾ ಅನಿಸಿದ್ದು ಬೇರೆ ವಿಷಯ. ಅವರು ದಂಟು ತಿಂದು ಎಲೆ ಎಸೀತಾರೆ, ಯಾಕಂದ್ರೆ ರೂಬಾರ್ಬ್ ಎಲೆ ವಿಷ. ನಾವು ಎಲೆ ತಿಂದು ದಂಟು ಎಸೀತೀವಿ. ಎರಡೂ ಕಡೆ ಹುಳಿ ಒಂದೇ, ಹೆಚ್ಚಾದಾಗಿನ ಪರದಾಟವೂ ಒಂದೇ.

ಸರಿ, ಆ ಶನಿವಾರಕ್ಕೆ ಬರೋಣ. ಹೆಂಡತಿ ಹಾಸನದ ಕಡೆಯವಳು. ಯೂಟ್ಯೂಬ್ ನೋಡಿ ಮಾಡಿದ ಚಟ್ನಿಯಲ್ಲಿ ನೀರು ಉಳಿದು ನಾಲ್ಕೇ ದಿನಕ್ಕೆ ಬೂಸು ಹಿಡಿದಿತ್ತು. ಹಾಗಾಗಿ ನಾನೇ ಪುಂಡಿ ಪಲ್ಯ ಮಾಡ್ತೀನಿ ಅಂತ ಲುಂಗಿ ಎತ್ತಿ ಕಟ್ಟಿದೆ. ಎಷ್ಟು ಸಲ ನೋಡಿಲ್ಲ ಅವ್ವ ಮಾಡಿದ್ದನ್ನ? ತೊಗರಿಬೇಳೆ, ಜೋಳದ ನುಚ್ಚು, ಪುಂಡಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ. ಎಲ್ಲವನ್ನೂ ಕುಕ್ಕರಿಗೆ ಹಾಕಿ ಐದು ಸೀಟಿ ಕೂಗಿಸಿದೆ. ತೆಗೆದು ನೋಡಿದರೆ ಸೊಪ್ಪು ಕರಗಿ ಕೆಸರಾಗಿದೆ, ಬೇಳೆ ಮಾತ್ರ ಜಲ್ಲಿಕಲ್ಲಿನ ಥರ ಗಟ್ಟಿ. ಇನ್ನೂ ಐದು ಸೀಟಿ ಕೂಗಿಸಿದೆ. ಬೇಳೆ ಜಪ್ಪಯ್ಯ ಅನ್ನಲಿಲ್ಲ.

ಬೇರೆ ದಾರಿ ಕಾಣದೆ ಊರಿಗೆ ಫೋನ್ ಹಚ್ಚಿದೆ.

"ಯವ್ವಾ, ಪುಂಡಿ ಪಲ್ಯ ಮಾಡಾಕ ಹೋಗಿದ್ದೆ. ಬ್ಯಾಳಿನೇ ಬೇಯವಲ್ದು."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಗಾಬರಿ ದನಿ. "ಪುಂಡಿ ಯಾರಿಗೆ ಮಾಡಾಕತ್ತೀಯೋ? ನೀ ತಿನಬ್ಯಾಡಪಾ. ನಿನಗ ಹುಳಿ ಆಗಿಬರಂಗಿಲ್ಲಲ್ಲ!"

ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ನನಗೆ ಆ ಮಾತು ಮರೆತೇ ಹೋಗಿತ್ತು. ಅಂದರೆ, ಮರೆತ ಹಾಗೆ ಇಟ್ಟುಕೊಂಡಿದ್ದೆ.

2006ರಲ್ಲಿ ಸಿಇಟಿಯಲ್ಲಿ ಸೀಟು ಸಿಕ್ಕಿ ಬೆಂಗಳೂರಿಗೆ ಬಂದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ, ಪಿಯುಸಿಯಲ್ಲಿ ಹೇಗೋ ಏಗಿ ಬಂದವನು. ಹಾಸ್ಟೆಲ್ಲಿಗೆ ಮೊದಲ ಸಲ ಬಿಡೋಕೆ ಅಪ್ಪ ಬಂದಾಗ ಅವ್ವ ಕೈಗೊಂದು ಗಂಟು ಕೊಟ್ಟು ಕಳಿಸಿದ್ದಳು. ನಲವತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮತ್ತೆ ಒಂದು ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ತಿರುವಿದ ಪುಂಡಿ ಪಲ್ಯ. ಹುಳಿ ಇರೋದ್ರಿಂದ ಎರಡು ದಿನ ಕೆಡೋದಿಲ್ಲ ಅಂತ. ರೂಮಿನಲ್ಲಿ ಡಬ್ಬಿ ತೆಗೆದಾಗ ರೂಮ್‌ಮೇಟ್ ಒಬ್ಬ ಬಗ್ಗಿ ನೋಡಿ, "ಏನ್ ಮಗಾ ಇದು, ಸಗಣಿ ಇದ್ದಂಗಿದೆ" ಅಂದ. ಎಲ್ಲರೂ ನಕ್ಕರು. ಅವನು ಕೆಟ್ಟವನೇನಲ್ಲ, ಇವತ್ತಿಗೂ ಸ್ನೇಹಿತ. ಅಂದು ನನಗೆ ಕೋಪವೂ ಬರಲಿಲ್ಲ. ಆಗಿದ್ದೇನಂದ್ರೆ, ನಾನೂ ಅವರ ಜೊತೆ ನಕ್ಕೆ. "ಹೂಂ ಕಣೋ, ನಮ್ಮೂರಲ್ಲಿ ಇದನ್ನೇ ತಿನ್ನೋದು" ಅಂದೆ. "ಕಣೋ" ಅನ್ನೋದನ್ನ ಅಷ್ಟರಲ್ಲೇ ಕಲಿತಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿಯನ್ನು ಬಾತ್‌ರೂಮಿಗೆ ಒಯ್ದು ಖಾಲಿ ಮಾಡಿ ತೊಳೆದಿಟ್ಟೆ.

ದಸರಾ ರಜೆಗೆ ಊರಿಗೆ ಹೋದಾಗ ಅವ್ವ ಮತ್ತೆ ಪುಂಡಿ ಸೋಸ್ತಾ ಕೂತಿದ್ದಳು, ಡಬ್ಬಿಗೆ ಹಾಕಿಕೊಡೋಕೆ. ತರಬೇಡ ಅನ್ನೋಕೆ ಬಾಯಿ ಬರಲಿಲ್ಲ. "ಹೊಟ್ಟಿ ಉರಿತದ ಯವ್ವಾ. ಡಾಕ್ಟರ್ರು ಹುಳಿ ತಿನಬ್ಯಾಡ ಅಂದಾರ" ಅಂದೆ. ಯಾವ ಡಾಕ್ಟರೂ ಇರಲಿಲ್ಲ. ಸುಲಭದ ಸುಳ್ಳು, ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು.

ಅದು ಹದಿನಾರು ವರ್ಷ ನಡೀತು. ಊರಿಗೆ ಹೋದಾಗಲೆಲ್ಲ ನನ್ನ ಪಾಲಿನ ಸಾರಿಗೆ ಹುಣಸೆಹಣ್ಣು ಬೀಳ್ತಿರಲಿಲ್ಲ. ಬೇರೆ ಪುಟ್ಟ ಗಡಿಗೆಯಲ್ಲಿ ನನಗೊಂದು ಸಪ್ಪೆ ಬೇಳೆ. ಯಾರ ಮನೆಗೆ ಊಟಕ್ಕೆ ಹೋದರೂ ಅವ್ವ ಮೊದಲೇ ಹೇಳಿ ಇಡೋಳು: "ನಮ್ಮ ಹುಡುಗಗ ಹುಳಿ ಆಗಂಗಿಲ್ರೀ." ನನ್ನ ಮದುವೆಯಲ್ಲಿ ಅಡುಗೆಯವರಿಗೂ ಹೇಳಿದ್ದಳು. ಹೆಂಡತಿಗೂ ಹೇಳಿದ್ದಳು. ಅವಳು ಇಲ್ಲಿ ನಾನು ದಿನಾ ಹುಳಿ ಸಾರು ಸೊರ ಸೊರ ಹೀರೋದನ್ನು ನೋಡಿ, ಅತ್ತೆಗೆ ಮಗನ ಮೇಲೆ ಅತಿ ಕಾಳಜಿ ಅಂದುಕೊಂಡು ಸುಮ್ಮನಿದ್ದಳಂತೆ. ಈ ಮಧ್ಯೆ ನಾನು ಟೀಮ್ ಲಂಚಿಗೆ ಆಂಧ್ರ ಹೋಟೆಲ್ಲಿಗೆ ಹೋಗಿ ಗೋಂಗುರ ಮಟನ್ನಿಗೆ ದುಡ್ಡು ಕೊಟ್ಟು, ಬೆರಳು ಚೀಪಿಕೊಂಡು ಬಂದದ್ದಕ್ಕೆ ಲೆಕ್ಕ ಇಲ್ಲ. ಅದು ಅವರ ತಟ್ಟೆಯಲ್ಲಿ ಬಂದಾಗ ಅದೇ ಎಲೆ ಅಂತ ನನಗೆ ಅನಿಸುತ್ತಲೇ ಇರಲಿಲ್ಲ.

ಫೋನಿನಲ್ಲಿ ಹೇಳಿಬಿಟ್ಟೆ. "ನನಗ ಹುಳಿ ಆಗಿಬರತದ ಯವ್ವಾ. ಮದ್ಲಿಂದನೂ ಬರತಿತ್ತು. ಹಾಸ್ಟೆಲ್ಲಾಗ ಹುಡುಗ್ರು ನಗತಿದ್ರು, ಅದಕ್ಕ ಸುಳ್ಳು ಹೇಳಿದ್ದೆ."

ಬೈತಾಳೆ ಅಂದುಕೊಂಡೆ. ಬೈಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಪುಂಡಿ ಹಾಕಿದ ಮ್ಯಾಲ ಬ್ಯಾಳಿ ಬೇಯಂಗಿಲ್ಲ. ಮದ್ಲ ಬ್ಯಾಳಿ ಬೇಸ್ಕೋ" ಅಂದಳು. ಆಮೇಲೆ ಇಡೀ ಪಲ್ಯದ ವಿಧಾನ ಹೇಳಿದಳು, ದನಿ ಏರಿಸದೆ, ಇಳಿಸದೆ. ಹೇಳಿ ಫೋನ್ ಇಟ್ಟಳು. ಯಾವತ್ತೂ ಕೊನೆಗೆ ಕೇಳುವ "ಉಂಡೇನು?" ಅನ್ನೋದನ್ನ ಆವತ್ತು ಕೇಳಲಿಲ್ಲ.

ಅವಳು ಹೇಳಿದ್ದು ಹೀಗೆ. ಅರ್ಧ ಲೋಟ ತೊಗರಿಬೇಳೆ, ಅದರ ಅರ್ಧದಷ್ಟು ಜೋಳದ ನುಚ್ಚು, ಎರಡನ್ನೂ ಮೊದಲು ಮೆತ್ತಗೆ ಬೇಯಿಸಿಕೊಳ್ಳಿ. ಹುಳಿ ಸೇರಿದರೆ ಬೇಳೆಯ ಕಾಳು ಬಿಗಿದುಕೊಂಡು ನೀರು ಕುಡಿಯೋದಿಲ್ಲ, ನನ್ನ ಕುಕ್ಕರಿನಲ್ಲಿ ಆದದ್ದು ಅದೇ. ಅಂಗಡಿಯಲ್ಲಿ ನುಚ್ಚು ಸಿಗದಿದ್ದರೆ ಜೋಳವನ್ನು ಮಿಕ್ಸಿಯಲ್ಲಿ ಎರಡು ಸುತ್ತು ಗರ್ ಅನ್ನಿಸಿ, ಹಿಟ್ಟು ಜರಡಿ ಹಿಡಿದರೆ ಆಯ್ತು. ನಾಲ್ಕು ಬೊಗಸೆ ಪುಂಡಿ ಎಲೆಯನ್ನು ಬೇರೆ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ ನೀರು ಬಸಿಯಬೇಕು. ಕೆಂಪು ದಂಟಿನ ಪುಂಡಿಯಾದರೆ ಖಂಡಿತ ಬಸಿಯಬೇಕು, ಅದು ಹುಳಿ ಜಾಸ್ತಿ. ಎಂಟು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಉಪ್ಪು ಕುಟ್ಟಿ, ಎಲ್ಲವನ್ನೂ ಕೂಡಿಸಿ ಕಟ್ಟಿಗೆಯ ಹುಟ್ಟಿನಿಂದ ತಿರುವಿ, ಗಟ್ಟಿಯಾಗುವವರೆಗೆ ಕುದಿಸಬೇಕು. ಮೇಲೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಎಣ್ಣೆ ಕುಸುಬಿಯದಾದರೆ ಸೈ, ಇಲ್ಲಾ ಶೇಂಗಾ ಎಣ್ಣೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಹುಳಿ ಅದನ್ನ ತಿನ್ನುತ್ತೆ. ಸ್ಟೀಲ್ ಅಥವಾ ಮಣ್ಣಿನ ಗಡಿಗೆ ಒಳ್ಳೇದು.

ಪಲ್ಯ ಆಯ್ತು. ಹತ್ತಿರದ ಖಾನಾವಳಿಯಿಂದ ರೊಟ್ಟಿ ತಂದೆ. ಹೆಂಡತಿ ಮೊದಲ ತುತ್ತಿಗೆ ಮುಖ ಕಿವುಚಿ, ಎರಡನೇ ರೊಟ್ಟಿ ತಾನಾಗೇ ತಗೊಂಡಳು. ನನಗೆ ಮಾತ್ರ ಇಳೀತಿರಲಿಲ್ಲ.

ಸಂಜೆ ವೈನಿ ಫೋನ್ ಮಾಡಿದರು. "ಏನ್ ಹೇಳ್ದಿ ಅತ್ಯಾರಿಗೆ? ಮುಂಜಾನಿಂದ ಸುಮ್ಕ ಕುಂತಾರ." ವಿಷಯ ಹೇಳಿದೆ. ವೈನಿ ಒಂದು ನಿಮಿಷ ಸುಮ್ಮನಿದ್ದು, "ನಿನಗ ಗೊತ್ತಿಲ್ಲೇನು? ಅತ್ಯಾರು ಪುಂಡಿ ತಿನ್ನೋದು ಬಿಟ್ಟು ಹದಿನಾರು ವರ್ಷ ಆತು. ನಾ ಮದಿವ್ಯಾಗಿ ಬಂದಾಗಿಂದ ನೋಡಾಕತ್ತೀನಿ, ನಮಗೆಲ್ಲ ಮಾಡಿ ಹಾಕತಾರ, ತಾವು ಬಾಯಾಗ ಇಡಂಗಿಲ್ಲ. ಮಗ ತಿನ್ನಂಗಿಲ್ಲ, ನನಗ ಹೆಂಗ ಇಳೀತದ ಅಂತಿದ್ರು."

ಇದಕ್ಕೆ ನಾನು ಏನು ಹೇಳಿದೆ ಅಂತ ನೆನಪಿಲ್ಲ. ನಮ್ಮ ಮನೆಯಲ್ಲಿ ಪುಂಡಿ ಅಂದರೆ ಪ್ರಾಣ ಬಿಡ್ತಿದ್ದವಳು ಅವ್ವ ಒಬ್ಬಳೇ. ಬರಗಾಲದ ವರ್ಷ ಹೊಲದಲ್ಲಿ ಬೇರೇನೂ ಇಲ್ಲದಾಗ ಪುಂಡಿ ಇತ್ತಲ್ಲೋ ಅಂತ ಹೇಳ್ತಿದ್ದವಳು.

ಮರುದಿನ ಭಾನುವಾರ. ಮತ್ತೆ ಟೆರೇಸಿಗೆ ಹೋದೆ, ಮತ್ತೆ ಒಂದು ಬಕೆಟ್ ಸೊಪ್ಪು. ಕಿತ್ತು ಬಿಸಾಕೋದು ಈಗ ಸಾಧ್ಯವೇ ಇರಲಿಲ್ಲ. ಒಂದು ವಾರದಲ್ಲಿ ನಾನು ಮಾಡಿದ್ದನ್ನೆಲ್ಲ ಹೇಳ್ತೀನಿ, ನಿಮ್ಮ ಮನೆಯಲ್ಲೂ ಹೆಚ್ಚಾದರೆ ಉಪಯೋಗಕ್ಕೆ ಬರಬಹುದು.

ಚಟ್ನಿಯನ್ನು ಕೆಳಗಿನ ಮನೆ ಆಂಟಿ ಹೇಳಿಕೊಟ್ಟರು. ಎಲೆ ತೊಳೆದು ಬಟ್ಟೆ ಮೇಲೆ ಹರವಿ ಒಂದು ತೊಟ್ಟು ನೀರಿಲ್ಲದ ಹಾಗೆ ಆರಿಸಬೇಕು. ಎಣ್ಣೆಯಲ್ಲಿ ಎಲೆ ಮುದ್ದೆಯಾಗಿ, ಎಣ್ಣೆ ಬಿಡುವವರೆಗೆ ಹುರಿದು, ಹುರಿದ ಒಣಮೆಣಸಿನಕಾಯಿ, ಮೆಂತ್ಯ, ಸಾಸಿವೆ, ಉಪ್ಪಿನ ಜೊತೆ ರುಬ್ಬಿ, ಬೆಳ್ಳುಳ್ಳಿ ಒಗ್ಗರಣೆ. ಮೇಲೆ ಒಂದು ಬೆರಳು ಎಣ್ಣೆ ನಿಲ್ಲಬೇಕು. ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ನೀರು ಇಲ್ಲದಿದ್ದರೆ ಬೂಸು ಹಿಡಿಯೋಕೆ ದಾರಿ ಇಲ್ಲ. ನಮ್ಮ ಮೊದಲ ಚಟ್ನಿಯ ತಪ್ಪು ಆಗ ಗೊತ್ತಾಯ್ತು. ಬಾಟಲಿ ಫ್ರಿಜ್ಜಿನಲ್ಲಿ ಎರಡು ತಿಂಗಳು ಬಂತು.

ಉಳಿದ ಎಲೆಯನ್ನು ಎರಡು ನಿಮಿಷ ಕುದಿಸಿ, ಹಿಂಡಿ, ಒಂದೊಂದು ಊಟಕ್ಕಾಗುವಷ್ಟು ಉಂಡೆ ಕಟ್ಟಿ ಫ್ರೀಜರಿಗೆ. ಬಕೆಟ್ ಸೊಪ್ಪು ಆರು ಉಂಡೆಯಾಗುತ್ತೆ, ಜಾಗದ ಸಮಸ್ಯೆಯೇ ಇಲ್ಲ. ಹುಣಸೆಹಣ್ಣಿನ ಬದಲು ಒಂದು ಉಂಡೆ ಬೇಳೆಸಾರಿಗೆ ಹಾಕಿದರೆ ಅದೇ ಪಪ್ಪು. ಭಾನುವಾರದ ಮಟನ್ನಿಗೆ ಎರಡು ಉಂಡೆ. ಬರ್ಮಾದವರು ಇದೇ ಎಲೆಯನ್ನು ಕಳಲೆ ಮತ್ತು ಸೀಗಡಿ ಜೊತೆ ಹುರಿದು ಅನ್ನಕ್ಕೆ ಕಲಸಿಕೊಳ್ತಾರೆ, ಅದಕ್ಕೆ ಚಿನ್ ಬೌಂಗ್ ಚೌ ಅಂತ ಹೆಸರು. ಒಣ ಸೀಗಡಿ ಹಾಕಿ ಮಾಡಿದೆ, ಮಂಗಳೂರಿನ ಪಕ್ಕದ ಮನೆಯವರು ಈ ಸಲ ಪಾತ್ರೆ ತಾವೇ ತಂದರು. ಕೆಂಪು ದಂಟಿನ ನಾಲ್ಕು ಗಿಡ ಬೇರೆ ಜಾತಿ. ಅವುಗಳ ಹೂ ಉದುರಿದ ಮೇಲೆ ಕಾಯಿ ಸುತ್ತ ಉಳಿಯುವ ಕೆಂಪು ಎಸಳಿನಿಂದ ಸಕ್ಕರೆ ಹಾಕಿ ಜಾಮ್ ಮಾಡಬಹುದು. ಲೀಡ್ಸಿನವರಿಗೆ ಹೇಳಿದಾಗ, ಅದು ರೂಬಾರ್ಬ್ ಜಾಮಿನ ತಂಗಿ ಇದ್ದ ಹಾಗೆ ಅಂದರು.

ಒಂದು ಎಚ್ಚರಿಕೆ. ಪುಂಡಿಯಲ್ಲೂ ರೂಬಾರ್ಬಿನಲ್ಲೂ ಆಕ್ಸಾಲಿಕ್ ಆಮ್ಲ ಇದೆ. ಕಿಡ್ನಿಯಲ್ಲಿ ಕಲ್ಲಾಗಿರುವವರು ಡಾಕ್ಟರನ್ನು ಕೇಳಿ ತಿನ್ನಿ. ನಿಜವಾದ ಡಾಕ್ಟರನ್ನ.

ಇಷ್ಟೆಲ್ಲ ಆದಮೇಲೂ ಒಂದು ಚೀಲ ಉಳೀತು. ನಮ್ಮ ಮನೆ ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಏಳ್ತಿತ್ತು. ತಗಡಿನ ಶೆಡ್ಡುಗಳಲ್ಲಿ ಏಳೆಂಟು ಕುಟುಂಬ. ಹೆಬ್ಬಾಳ, ಥಣಿಸಂದ್ರ, ಯಲಹಂಕ ಸುತ್ತ ಯಾವ ಕಟ್ಟಡದ ಬುಡಕ್ಕೆ ಹೋದರೂ ರಾಯಚೂರು, ಯಾದಗಿರಿ, ಕಲಬುರಗಿ ಮಾತು ಕೇಳುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು. ಎಂಟು ತಿಂಗಳಿಂದ ಬೈಕ್ ನಿಲ್ಲಿಸುವಾಗ ದಿನಾ ಕೇಳಿಸಿಕೊಂಡಿದ್ದೇನೆ. ಒಂದು ಸಲವೂ ಯಾವೂರು ಅಂತ ಕೇಳಿರಲಿಲ್ಲ. ರಾತ್ರಿ ಕಾಂಕ್ರೀಟ್ ಮಿಕ್ಸರಿನ ಸದ್ದಾದಾಗ ಹೋಗಿ, "ಸ್ವಲ್ಪ ನೋಡಿ, ಮಗು ಮಲಗಿದೆ" ಅಂತ ನೀಟಾದ ಬೆಂಗಳೂರು ಕನ್ನಡದಲ್ಲಿ ಹೇಳಿ ಬಂದದ್ದಷ್ಟೇ.

ಚೀಲ ಹಿಡಿದು ಹೋದೆ. ಪಾತ್ರೆ ತಿಕ್ಕುತ್ತಿದ್ದ ಹೆಂಗಸಿಗೆ "ಸೊಪ್ಪು ಬೇಕಾ?" ಅಂದೆ. ಅವಳು ಚೀಲದೊಳಗೆ ನೋಡಿ, ಕೈ ಸೀರೆಗೆ ಒರೆಸಿಕೊಂಡು ಎದ್ದಳು. "ಪುಂಡಿ ತಪ್ಪಲ! ಎಲ್ಲಿದ್ರೀ ಸರ?"

"ಮ್ಯಾಲ ಬೆಳ್ದೀನಬೇ."

ಅವಳು ನನ್ನ ಮುಖ ನೋಡಿದಳು. "ಯಾವೂರ್ರೀ ನಿಮ್ದು?"

ಲಿಂಗಸುಗೂರು ಕಡೆ ಅಂದೆ. ಅವಳದು ದೇವದುರ್ಗ. ನಡುವೆ ಎಷ್ಟು ದೂರ ಅಂತ ಇಬ್ಬರಿಗೂ ಗೊತ್ತು. "ಮತ್ತ ಇಷ್ಟ ದಿನ ಇಲ್ಲಿಯವ್ರಗತೆ ಮಾತಾಡ್ತಿದ್ರೆಲ್ರೀ" ಅಂದಳು, ನಗ್ತಾನೇ. ಅವಳ ಊರಲ್ಲಿ ಈಗ ಯಾರೂ ಪುಂಡಿ ಹಾಕೋದಿಲ್ಲವಂತೆ, ಹೊಲ ತುಂಬಾ ಹತ್ತಿ. ದಂಟು ಎಸೀಬೇಡಿ, ನೀರಲ್ಲಿ ಕೊಳೆ ಹಾಕಿದರೆ ನಾರು ಬರ್ತದೆ ಅಂದಳು. ಅದು ನನಗೂ ನೆನಪಿತ್ತು. ಹಳ್ಳದ ಮಡುವಿನಲ್ಲಿ ಪುಂಡಿ ಕಟ್ಟುಗಳ ಮೇಲೆ ಕಲ್ಲು ಹೇರಿ, ಹತ್ತು ಹದಿನೈದು ದಿನ ಬಿಟ್ಟು, ಮೂಗು ಮುಚ್ಚಿಕೊಂಡು ಸುಲಿದ ನಾರಿನಿಂದ ಅಪ್ಪ ಎತ್ತಿನ ಹಗ್ಗ ಹೊಸೀತಿದ್ದ. ಇದೇ ನಾರು ಹಿಂದೆ ಆಂಧ್ರದ ಭೀಮುನಿಪಟ್ಟಣದ ಬಂದರಿನಿಂದ ಹಡಗು ಹತ್ತಿ, ಬಿಮ್ಲಿ ಸೆಣಬು ಅನ್ನೋ ಹೆಸರಲ್ಲಿ ಹೊರದೇಶಕ್ಕೆ ಹೋಗ್ತಿತ್ತು ಅಂತ ಆಮೇಲೆ ಓದಿದೆ.

ಆವತ್ತಿಂದ ಟೆರೇಸಿನ ಪುಂಡಿ ಹೆಚ್ಚಾಗಲೇ ಇಲ್ಲ. ವಾರಕ್ಕೆರಡು ಸಲ ಶೆಡ್ಡಿನ ಮಕ್ಕಳು ಮೇಲೆ ಬಂದು ತಾವೇ ಕಿತ್ತುಕೊಂಡು ಹೋಗ್ತಿದ್ದವು.

ಅವ್ವ ಬಂದದ್ದು ದಸರಾ ಕಳೆದ ಮೇಲೆ. ಬೆಳಿಗ್ಗೆ ಐದೂವರೆಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದಳು. ಬ್ಯಾಗು ಇಸ್ಕೊಂಡೆ. ಯಶವಂತಪುರ ದಾಟಿ ಹೆಬ್ಬಾಳದವರೆಗೂ ಆಟೋದಲ್ಲಿ ಮಳೆ, ಜೋಳ, ಅಣ್ಣನ ಮಕ್ಕಳ ಮಾತೇ. ಹುಳಿಯ ಮಾತು ಅವಳೂ ಎತ್ತಲಿಲ್ಲ, ನನಗೂ ಧೈರ್ಯ ಬರಲಿಲ್ಲ.

ಮನೆಗೆ ಬಂದವಳೇ ಚಹಾ ಕುಡಿದು ಟೆರೇಸಿಗೆ ಹೋದಳು. ಪುಂಡಿ ಹೂ ಬಿಟ್ಟಿತ್ತು, ತೆಳು ಹಳದಿ ಎಸಳು, ನಡುವೆ ಕಡುಗೆಂಪು ಕಣ್ಣು. ಹಗಲು ಚಿಕ್ಕದಾಗ್ತಾ ಬಂದಾಗಲೇ ಹೂ ಬಿಡುವ ಗಿಡ ಇದು, ಹೂ ಬಂದಮೇಲೆ ಎಲೆ ಒರಟು. "ಇನ್ನ ಕೀಳಬ್ಯಾಡ್ರಿ, ಬೀಜಕ್ಕ ಬಿಡ್ರಿ" ಅಂತ ಸೊಸೆಗೆ ಹೇಳಿದಳು. ಮಧ್ಯಾಹ್ನ ಕೆಳಗೆ ಶೆಡ್ಡಿನ ಹತ್ತಿರ ಹೋಗಿ ಒಂದು ತಾಸು ಕೂತು ಬಂದಳು. ಬರುವಾಗ ಆ ಹೆಂಗಸಿನ ತವರುಮನೆ ಯಾವುದು, ಗಂಡನ ಸಾಲ ಎಷ್ಟು, ನಮಗೂ ಅವರಿಗೂ ಎಲ್ಲಿ ಬೀಗತನ ತಾಗುತ್ತೆ ಎಲ್ಲ ಅವಳಿಗೆ ಗೊತ್ತಿತ್ತು.

ರಾತ್ರಿ ನಾನು ಫ್ರೀಜರಿನಿಂದ ಎರಡು ಉಂಡೆ ತೆಗೆದು ಪಲ್ಯ ಮಾಡಿದೆ. ಬೇಳೆ ಮೊದಲೇ ಬೇಯಿಸಿಕೊಂಡಿದ್ದೆ. ಅವ್ವನ ಮುಂದೆ ತಟ್ಟೆ ಇಟ್ಟು, ನನ್ನದನ್ನೂ ಪಕ್ಕದಲ್ಲೇ ಇಟ್ಟುಕೊಂಡು ಕೂತೆ.

"ವೈನಿ ಹೇಳಿದ್ರು" ಅಂದೆ. "ನೀನೂ ಬಿಟ್ಟಿದ್ದಿ ಅಂತ."

ಅವ್ವ ರೊಟ್ಟಿ ಮುರಿಯುತ್ತಾ, "ಆಕಿಗೇನ ಗೊತ್ತು. ನನಗ ಹಲ್ಲು ಜುಮ್ ಅಂತಿದ್ವು, ಅದಕ್ಕ ಬಿಟ್ಟಿದ್ದೆ" ಅಂದಳು.

ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಉಪ್ಪು ಸ್ವಲ್ಪ ಕಮ್ಮಿ ಅಂದಳು. ಎರಡು ರೊಟ್ಟಿ ಮುಗಿಸಿ ಮೂರನೇದಕ್ಕೆ ಕೈ ಹಾಕಿದಾಗ ನಾನು ಕೇಳಿದೆ.

"ಯವ್ವಾ, ಈಗ ಹಲ್ಲು ಜುಮ್ ಅನ್ನಂಗಿಲ್ಲೇನು?"

"ಬೆಂಗಳೂರ ಪುಂಡಿ ಇದು" ಅಂದಳು ಅವ್ವ, ತಟ್ಟೆಯಿಂದ ಮುಖ ಎತ್ತದೆ. "ಹುಳಿನೇ ಇಲ್ಲ ಇದರಾಗ. ನೀ ಇನ್ನೊಂದೀಟು ಹಾಕ್ಕೋ."